ಶಿಕ್ಷೆಯಾದ ಮೇಲೂ ಶಾಸಕ: ಕೆಜಿಎಫ್‌ನ ಒಂದು ಪ್ರಕರಣ

ನಮ್ಮ ಖಾಲಾ, ಅಂದರೆ ಅಮ್ಮಿಯ ತಂಗಿ, ಮದುವೆಯಾಗಿ ಹೋಗಿದ್ದು ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಗೆ. ರಜೆ ಬಂದರೆ ನಾವು ದಂಡು ರೈಲು ನಿಲ್ದಾಣದಲ್ಲಿ ಮಾರಿಕುಪ್ಪಂ ರೈಲು ಹತ್ತುತ್ತೇವೆ. ಬೈಯಪ್ಪನಹಳ್ಳಿ, ಕೆ.ಆರ್. ಪುರ, ವೈಟ್‌ಫೀಲ್ಡ್, ಮಾಲೂರು, ಬಂಗಾರಪೇಟೆ, ಆಮೇಲೆ ಕೆಜಿಎಫ್. ಈ ರೈಲನ್ನು ನೋಡಬೇಕಾದದ್ದು ಬೆಳಿಗ್ಗೆ, ಬೆಂಗಳೂರಿನ ಕಡೆ ಬರುವಾಗ. ಕಾಲಿಡಲು ಜಾಗ ಇರುವುದಿಲ್ಲ. ಖಾಲು ಕೂಡ ಹದಿನೈದು ವರ್ಷದಿಂದ ಹಾಗೇ ನಿಂತುಕೊಂಡು ವೈಟ್‌ಫೀಲ್ಡ್‌ಗೆ ಕೆಲಸಕ್ಕೆ ಬಂದು ಹೋಗುತ್ತಾರೆ.

ಕಳೆದ ರಜೆಯಲ್ಲಿ ಊಟ ಮಾಡುವಾಗ ಮಾತು ಚುನಾವಣೆಯ ಕಡೆ ತಿರುಗಿತು. ಖಾಲು ಹೇಳಿದರು: "ನಮ್ಮೂರಿನ ಒಬ್ಬ ಎಂಎಲ್‌ಎಗೆ ಕೋರ್ಟು ಮೂರೂವರೆ ವರ್ಷ ಜೈಲು ಅಂತ ಹೇಳಿತ್ತು. ಆಮೇಲೂ ಅವರು ಎಂಎಲ್‌ಎ ಆಗೇ ಇದ್ದರು. ಮುಂದಿನ ಸಲ ಅವರ ತಾಯಿ ನಿಂತು ಗೆದ್ದರು."

ನಾನು ಕೇಳಿದೆ, "ಜೈಲು ಶಿಕ್ಷೆ ಆದ ಮೇಲೂ ಎಂಎಲ್‌ಎ ಹೇಗೆ?"

ಖಾಲುಗೆ ಗೊತ್ತಿರಲಿಲ್ಲ. ಅಬ್ಬಾಗೂ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲದ ಪ್ರಶ್ನೆ ಬಂದರೆ "ಕಾಲೇಜಿಗೆ ಹೋಗುತ್ತೀಯಲ್ಲ, ನೀನೇ ತಿಳಿದುಕೊಂಡು ಹೇಳು" ಎನ್ನುವುದು ವಾಡಿಕೆ. ನಾನು ಕಾಮರ್ಸ್. ಕಾನೂನು ನಮ್ಮ ವಿಷಯವಲ್ಲ. ಆದರೂ ಓದಿದೆ. ಓದಿ ಅರ್ಥವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮಲ್ಲಿ ಹಲವರಿಗೆ ಬರುವ ವರ್ಷ ಓಟು ಬರುತ್ತದೆ.

ಮೊದಲು ಊರಿನ ಬಗ್ಗೆ ಸ್ವಲ್ಪ ಹೇಳಬೇಕು. ಕೆಜಿಎಫ್ ಎಂದರೆ ಈಗ ಎಲ್ಲರಿಗೂ ಸಿನಿಮಾ ನೆನಪಾಗುತ್ತದೆ. ನಿಜವಾದ ಕೆಜಿಎಫ್‌ನಲ್ಲಿ 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಇಂಗ್ಲಿಷ್ ಕಂಪನಿ ಚಿನ್ನದ ಗಣಿ ನಡೆಸಿತು. 1902ರಲ್ಲಿ ಶಿವನಸಮುದ್ರದಿಂದ ವಿದ್ಯುತ್ ಬಂದದ್ದು ಈ ಗಣಿಗಾಗಿ. ಬೆಂಗಳೂರಿನ ಬೀದಿಗೆ ದೀಪ ಬರುವ ಮೊದಲೇ ಅಲ್ಲಿಗೆ ಬಂದಿತ್ತು. ಗಣಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಹೋಯಿತು. ಕೆಲಸಗಾರರಲ್ಲಿ ಹೆಚ್ಚಿನವರು ತಮಿಳು ಮಾತಾಡುವ ದಲಿತ ಕುಟುಂಬದವರು. ಸ್ವಾತಂತ್ರ್ಯದ ನಂತರ ಗಣಿ ಸರ್ಕಾರದ ಕೈಗೆ ಬಂತು, ಭಾರತ್ ಗೋಲ್ಡ್ ಮೈನ್ಸ್ ಎಂದಾಯಿತು, ನಷ್ಟದಲ್ಲಿ ಬಿತ್ತು. 2001ರ ಫೆಬ್ರುವರಿ 28ರಂದು ಬಾಗಿಲು ಹಾಕಿತು. ಆ ರೈಲಿನ ನೂಕುನುಗ್ಗಲು ಶುರುವಾದದ್ದೇ ಅಲ್ಲಿಂದ. ಊರಿನಲ್ಲಿ ಕೆಲಸವಿಲ್ಲ, ಆದರೆ ಮನೆ ಅಲ್ಲೇ ಇದೆ. ಆ ಮನೆಗಳಲ್ಲೂ ಎಷ್ಟೋ ಗಣಿ ಕಂಪನಿಯ ಕ್ವಾರ್ಟರ್ಸ್. ಹಕ್ಕುಪತ್ರ ಯಾವಾಗ ಕೊಡುತ್ತೀರಿ ಎಂದು ಜನ ಕೇಳುತ್ತಲೇ ಇದ್ದಾರೆ.

ಇದನ್ನೆಲ್ಲ ಯಾಕೆ ಹೇಳಿದೆ ಎಂದರೆ, ಇಂಥ ಊರಿನಲ್ಲಿ ಶಾಸಕ ಎಂದರೆ ವಿಧಾನಸಭೆಯಲ್ಲಿ ಕಾನೂನು ಮಾಡುವವನಲ್ಲ. ಅದು ಪುಸ್ತಕದ ಮಾತು. ಊರಿನವರಿಗೆ ಶಾಸಕ ಎಂದರೆ ಫೋನ್ ಮಾಡಿ ಕೆಲಸ ಮಾಡಿಸಿಕೊಡುವ ಮನುಷ್ಯ. ಮನೆ ಕಾಗದ, ಪಿಂಚಣಿ, ಆಸ್ಪತ್ರೆಯಲ್ಲಿ ಬೆಡ್, ಪೊಲೀಸ್ ಠಾಣೆಯಲ್ಲಿ ಒಂದು ಮಾತು. ಶಿವಾಜಿನಗರದಲ್ಲೂ ಹಾಗೇ, ಕೆ.ಆರ್. ಪುರದಲ್ಲೂ ಹಾಗೇ. ಕೆಜಿಎಫ್‌ನಲ್ಲಿ ಇನ್ನೂ ಸ್ವಲ್ಪ ಜಾಸ್ತಿ. ಏಕೆಂದರೆ ಮೊದಲು ಮನೆ, ನೀರು, ಆಸ್ಪತ್ರೆ ಎಲ್ಲವನ್ನೂ ಕೊಡುತ್ತಿದ್ದ ಕಂಪನಿ ಈಗ ಇಲ್ಲ.

ಕೆಜಿಎಫ್ ಪರಿಶಿಷ್ಟ ಜಾತಿಗೆ ಮೀಸಲಾದ ಕ್ಷೇತ್ರ. ಅಲ್ಲಿಯ ರಾಜಕೀಯ ಕರ್ನಾಟಕದ ಬೇರೆ ಊರುಗಳಂತೆ ಇರಲಿಲ್ಲ. ಗಣಿಯ ಕಾಲದಲ್ಲಿ ಕಮ್ಯುನಿಸ್ಟರು, ರಿಪಬ್ಲಿಕನ್ ಪಕ್ಷದವರು, ಅಣ್ಣಾ ಡಿಎಂಕೆಯವರು ಅಲ್ಲಿಂದ ಗೆದ್ದಿದ್ದಾರೆ. 2004ರಲ್ಲಿ ಗೆದ್ದವರು ರಿಪಬ್ಲಿಕನ್ ಪಕ್ಷದ ಎಸ್. ರಾಜೇಂದ್ರನ್. ಅಂಥ ಊರಿನಲ್ಲಿ 2008ರ ಮೇ ತಿಂಗಳಲ್ಲಿ ಬಿಜೆಪಿಯಿಂದ ವೈ. ಸಂಪಂಗಿ ಗೆದ್ದರು. ಆ ಚುನಾವಣೆಯಲ್ಲಿ ಬಿಜೆಪಿಗೆ ಬಂದದ್ದು 224ರಲ್ಲಿ 110 ಸ್ಥಾನ. ಬಹುಮತಕ್ಕೆ ಮೂರು ಕಡಿಮೆ. ಪಕ್ಷೇತರರನ್ನು ಸೇರಿಸಿಕೊಂಡು ಬಿ.ಎಸ್. ಯಡಿಯೂರಪ್ಪ ಸರ್ಕಾರ ಮಾಡಿದರು. ಒಂದೊಂದು ತಲೆಯನ್ನೂ ಎಣಿಸುತ್ತಿದ್ದ ಕಾಲ ಅದು. ಹೊಸ ಶಾಸಕನಾದರೂ ಆಳುವ ಪಕ್ಷದವನು, ಅದೂ ಇಷ್ಟು ತೆಳುವಾದ ಬಹುಮತದಲ್ಲಿ. ಬೆಲೆ ಇದ್ದೇ ಇತ್ತು.

ಎಂಟು ತಿಂಗಳು ಕಳೆಯಿತು. 2009ರ ಜನವರಿ 29ರಂದು ಬೆಂಗಳೂರಿನ ಶಾಸಕರ ಭವನದಲ್ಲಿ ಲೋಕಾಯುಕ್ತ ಪೊಲೀಸರು ಸಂಪಂಗಿಯವರನ್ನು ಹಿಡಿದರು. ಒಂದು ತಕರಾರು ಬಗೆಹರಿಸಿಕೊಡಲು 5 ಲಕ್ಷ ರೂಪಾಯಿ ಕೇಳಿದರು ಎಂಬುದು ದೂರು. ಅದರಲ್ಲಿ 50 ಸಾವಿರ ನಗದು, ಉಳಿದ ನಾಲ್ಕೂವರೆ ಲಕ್ಷಕ್ಕೆ ಚೆಕ್.

ಚೆಕ್ ಎಂದು ಓದಿದಾಗ ನಾನು ಪುಸ್ತಕ ಮುಚ್ಚಿ ನಕ್ಕುಬಿಟ್ಟೆ. ನಮ್ಮ ಅಕೌಂಟೆನ್ಸಿ ತರಗತಿಯಲ್ಲಿ ಮೊದಲು ಕಲಿಸುವುದೇ ಚೆಕ್ಕಿನ ವ್ಯವಹಾರಕ್ಕೆ ಗುರುತು ಉಳಿಯುತ್ತದೆ ಎಂದು. ಸಂಖ್ಯೆ ಇದೆ, ತಾರೀಖು ಇದೆ, ಸಹಿ ಇದೆ, ಬ್ಯಾಂಕಿನ ಪುಸ್ತಕದಲ್ಲಿ ದಾಖಲೆ ಇದೆ. ಆದರೆ ಆಮೇಲೆ ಯೋಚಿಸಿದೆ. ಚೆಕ್ ತೆಗೆದುಕೊಳ್ಳುವ ಧೈರ್ಯ ಬರಬೇಕಾದರೆ ಅದು ತಪ್ಪು ಎಂಬ ಅಳುಕೇ ಇರಬಾರದು. ಅದು ನಗುವ ವಿಷಯವಲ್ಲ.

ಆಗ ಲೋಕಾಯುಕ್ತರಾಗಿದ್ದವರು ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ. ಕರ್ನಾಟಕದ ಲೋಕಾಯುಕ್ತ ಕಾಯ್ದೆ 1984ರದು. ಲೋಕಾಯುಕ್ತ ಕಚೇರಿ ಇರುವುದು ಅಂಬೇಡ್ಕರ್ ವೀಧಿಯ ಬಹುಮಹಡಿ ಕಟ್ಟಡದಲ್ಲಿ, ವಿಧಾನಸೌಧದ ಎದುರು. ಶಾಸಕರ ಭವನ ವಿಧಾನಸೌಧದ ಇನ್ನೊಂದು ಕಡೆ. ಎರಡರ ನಡುವೆ ನಡೆದೇ ಹೋಗಬಹುದು. ನಾನು ನಡೆದು ನೋಡಿದ್ದೇನೆ, ಶಿವಾಜಿನಗರದಿಂದ ಅದೇನು ದೂರ.

ಇಂಥ ದಾಳಿಗೆ ಪತ್ರಿಕೆಗಳಲ್ಲಿ "ಬಲೆಗೆ ಬಿದ್ದರು" ಎಂದು ಬರೆಯುತ್ತಾರೆ. ಬಲೆ ಹಾಕುವ ಕ್ರಮ ಹೀಗಿದೆ. ಲಂಚ ಕೊಡಲು ಇಷ್ಟವಿಲ್ಲದವರು ಹೋಗಿ ದೂರು ಬರೆದುಕೊಡಬೇಕು. ಪೊಲೀಸರು ಇಬ್ಬರು ಪಂಚರನ್ನು ಕರೆಸುತ್ತಾರೆ, ಸಾಮಾನ್ಯವಾಗಿ ಬೇರೆ ಇಲಾಖೆಯ ಸರ್ಕಾರಿ ನೌಕರರನ್ನು. ಅವರ ಎದುರು ನೋಟುಗಳ ನಂಬರ್ ಬರೆದುಕೊಂಡು ನೋಟಿಗೆ ಫಿನಾಲ್ಫ್ಥಲೀನ್ ಪುಡಿ ಸವರುತ್ತಾರೆ. ಬಿಳಿ ಪುಡಿ, ನೋಟಿನ ಮೇಲೆ ಕಣ್ಣಿಗೆ ಕಾಣುವುದಿಲ್ಲ. ಅವರಾಗಿ ಕೇಳಿದರೆ ಮಾತ್ರ ಕೊಡಬೇಕು, ನೀವಾಗಿ ಕೈಗೆ ತುರುಕಬಾರದು ಎಂದು ದೂರುದಾರರಿಗೆ ಹೇಳಿ ಕಳಿಸುತ್ತಾರೆ. ಒಬ್ಬ ಪಂಚ ಜೊತೆಯಲ್ಲೇ ಹೋಗಿ ನೋಡುತ್ತಾನೆ, ಕೇಳುತ್ತಾನೆ. ಹಣ ಕೈ ಬದಲಾದ ಮೇಲೆ ಸನ್ನೆ. ಪೊಲೀಸರು ಒಳಗೆ ಬಂದು ಹಣ ತೆಗೆದುಕೊಂಡವರ ಕೈಯನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸುತ್ತಾರೆ. ನೋಟು ಮುಟ್ಟಿದ್ದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಹತ್ತನೇ ತರಗತಿಯಲ್ಲಿ ಆಮ್ಲ ಮತ್ತು ಪ್ರತ್ಯಾಮ್ಲದ ಪಾಠದಲ್ಲಿ ನಾವು ಮಾಡಿದ ಪ್ರಯೋಗವೇ ಇದು. ಆ ನೀರನ್ನು ಬಾಟಲಿಯಲ್ಲಿ ತುಂಬಿ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸುತ್ತಾರೆ. ಎಲ್ಲವನ್ನೂ ಮಹಜರಿನಲ್ಲಿ ಬರೆದು ಸಹಿ ಹಾಕಿಸುತ್ತಾರೆ.

ಇಷ್ಟಾದರೆ ಕೇಸು ಗೆದ್ದಂತೆ ಎಂದು ನಾನು ತಿಳಿದಿದ್ದೆ. ಅಲ್ಲ. ಕೈಯಲ್ಲಿ ಪುಡಿ ಇತ್ತು ಎಂದಷ್ಟೇ ತೋರಿಸಿದರೆ ಸಾಲದು. ಹಣ ಕೇಳಿದರು ಎಂದೂ, ತೆಗೆದುಕೊಂಡರು ಎಂದೂ ಎರಡನ್ನೂ ಸಾಬೀತು ಮಾಡಬೇಕು. ಕೇಳಿದ್ದನ್ನು ಹೇಳಬೇಕಾದವರು ಯಾರು? ದೂರು ಕೊಟ್ಟವರೇ. ಅವರು ವರ್ಷಗಳ ಮೇಲೆ ಕಟಕಟೆಗೆ ಬಂದು, ಆರೋಪಿಯ ಎದುರು ನಿಂತು, "ಹೌದು, ಇವರೇ ಕೇಳಿದರು" ಎನ್ನಬೇಕು. ಎಷ್ಟೋ ಪ್ರಕರಣಗಳು ಬೀಳುವುದು ಇಲ್ಲೇ. ಸಾಕ್ಷಿ ಹೆದರುತ್ತಾನೆ, ರಾಜಿ ಆಗುತ್ತಾನೆ, ಅಥವಾ ಸಾಕಾಗಿ ಸುಮ್ಮನಾಗುತ್ತಾನೆ. ಇದಕ್ಕೆ ಪ್ರತಿಕೂಲ ಸಾಕ್ಷಿ ಎಂಬ ಹೆಸರಿದೆ. ದೂರುದಾರ ಸತ್ತುಹೋದರೂ ತಿರುಗಿಬಿದ್ದರೂ ಬೇರೆ ಸಾಕ್ಷ್ಯ ಮತ್ತು ಸಂದರ್ಭಗಳಿಂದ ಲಂಚ ಕೇಳಿದ್ದನ್ನು ಸಾಬೀತು ಮಾಡಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಹೇಳಿದ್ದು 2022ರ ಡಿಸೆಂಬರ್‌ನಲ್ಲಿ, ನೀರಜ್ ದತ್ತಾ ಪ್ರಕರಣದಲ್ಲಿ. ಕೆಜಿಎಫ್ ಪ್ರಕರಣ ಅದಕ್ಕಿಂತ ಬಹಳ ಹಿಂದಿನದು.

ಇನ್ನೊಂದು ಪ್ರಶ್ನೆ ಇದೆ. ಲಂಚದ ಕಾನೂನು ಸರ್ಕಾರಿ ನೌಕರರಿಗೆ ಅಲ್ಲವೇ, ಶಾಸಕರಿಗೆ ಹೇಗೆ ಅನ್ವಯ? ಇದನ್ನು ನಾನು ಸುಮ್ಮನೆ ಕೇಳುತ್ತಿಲ್ಲ. ಮಹಾರಾಷ್ಟ್ರದ ಮುಖ್ಯಮಂತ್ರಿಯಾಗಿದ್ದ ಎ.ಆರ್. ಅಂತುಲೆಯವರ ಪ್ರಕರಣದಲ್ಲಿ 1984ರಲ್ಲಿ ಸುಪ್ರೀಂ ಕೋರ್ಟು, ಭಾರತೀಯ ದಂಡ ಸಂಹಿತೆಯ ವ್ಯಾಖ್ಯೆಯಂತೆ ಶಾಸಕ ಸಾರ್ವಜನಿಕ ನೌಕರ ಅಲ್ಲ ಎಂದೇ ಹೇಳಿತ್ತು. 1988ರಲ್ಲಿ ಬಂದ ಭ್ರಷ್ಟಾಚಾರ ತಡೆ ಕಾಯ್ದೆ ಆ ವ್ಯಾಖ್ಯೆಯನ್ನು ಹಿಗ್ಗಿಸಿತು. ಸಾರ್ವಜನಿಕ ಕರ್ತವ್ಯ ಮಾಡಬೇಕಾದ ಹುದ್ದೆಯಲ್ಲಿ ಇರುವವರೆಲ್ಲ ಅದರೊಳಗೆ ಬಂದರು. ಸಂಸದರೂ ಶಾಸಕರೂ ಇದರಲ್ಲಿ ಸೇರುತ್ತಾರೆ ಎಂಬುದು 1998ರ ಪಿ.ವಿ. ನರಸಿಂಹ ರಾವ್ ಪ್ರಕರಣದ ನಂತರ ಸ್ಪಷ್ಟವಾಯಿತು.

ಸಂಪಂಗಿ ಪ್ರಕರಣದ ವಿಚಾರಣೆ ಬೆಂಗಳೂರಿನ ಲೋಕಾಯುಕ್ತ ವಿಶೇಷ ನ್ಯಾಯಾಲಯದಲ್ಲಿ ನಡೆಯಿತು. 2012ರ ಜೂನ್ 2ರಂದು ನ್ಯಾಯಾಲಯ ಅವರಿಗೆ ಮೂರೂವರೆ ವರ್ಷದ ಕಠಿಣ ಶಿಕ್ಷೆ ಮತ್ತು 1 ಲಕ್ಷ ರೂಪಾಯಿ ದಂಡ ವಿಧಿಸಿತು. ಹಿಡಿದ ದಿನದಿಂದ ಲೆಕ್ಕ ಹಾಕಿದರೆ ಮೂರು ವರ್ಷ ನಾಲ್ಕು ತಿಂಗಳು. ಈ ಕಾಲವೆಲ್ಲ ಅವರು ಶಾಸಕರಾಗಿಯೇ ಇದ್ದರು. ಅದರಲ್ಲಿ ತಪ್ಪಿಲ್ಲ, ಆರೋಪ ಸಾಬೀತಾಗುವವರೆಗೆ ಯಾರೂ ಅಪರಾಧಿಯಲ್ಲ. ಆದರೆ ತೀರ್ಪು ಬಂದ ಮೇಲೆ? 2013ರ ಮೇ ತಿಂಗಳಲ್ಲಿ ಹೊಸ ಚುನಾವಣೆ ಆಗುವವರೆಗೆ ಕೆಜಿಎಫ್ ಸ್ಥಾನ ಖಾಲಿಯಾಗಲಿಲ್ಲ, ಉಪಚುನಾವಣೆ ನಡೆಯಲಿಲ್ಲ.

ಖಾಲು ಊಟದ ಹೊತ್ತಿನಲ್ಲಿ ಹೇಳಿದ್ದು ಇದನ್ನೇ. ಉತ್ತರ ಇರುವುದು 1951ರ ಪ್ರಜಾ ಪ್ರಾತಿನಿಧ್ಯ ಕಾಯ್ದೆಯ 8ನೇ ಸೆಕ್ಷನ್‌ನಲ್ಲಿ.

ಯಾವ ಅಪರಾಧಕ್ಕೆ ಶಿಕ್ಷೆಯಾದರೆ ಯಾರು ಎಷ್ಟು ಕಾಲ ಚುನಾವಣೆಗೆ ನಿಲ್ಲಬಾರದು ಎಂದು ಆ ಸೆಕ್ಷನ್ ಹೇಳುತ್ತದೆ. ಸಾಮಾನ್ಯ ಅಪರಾಧವಾದರೆ ಕನಿಷ್ಠ ಎರಡು ವರ್ಷದ ಶಿಕ್ಷೆ ಆಗಿರಬೇಕು. ಭ್ರಷ್ಟಾಚಾರ ತಡೆ ಕಾಯ್ದೆಯಡಿ ಆದರೆ ಎರಡು ವರ್ಷದ ಲೆಕ್ಕವೂ ಇಲ್ಲ, ಬರೀ ದಂಡ ಹಾಕಿದರೂ ಆರು ವರ್ಷ ಅನರ್ಹತೆ. ಜೈಲು ಶಿಕ್ಷೆ ಆದರೆ ತೀರ್ಪಿನ ದಿನದಿಂದ ಶುರುವಾಗಿ, ಜೈಲಿನಿಂದ ಹೊರಬಂದ ಮೇಲೆ ಇನ್ನೂ ಆರು ವರ್ಷ. ಇಷ್ಟು ಕಟ್ಟುನಿಟ್ಟು. ಆದರೆ ಇದರ ಕೆಳಗೆ ನಾಲ್ಕನೇ ಉಪಸೆಕ್ಷನ್ ಇತ್ತು. ತೀರ್ಪಿನ ದಿನ ಯಾರು ಈಗಾಗಲೇ ಶಾಸಕ ಅಥವಾ ಸಂಸದ ಆಗಿದ್ದಾರೋ ಅವರಿಗೆ ಮೂರು ತಿಂಗಳು ಅನರ್ಹತೆ ತಟ್ಟುವುದಿಲ್ಲ, ಅಷ್ಟರಲ್ಲಿ ಮೇಲ್ಮನವಿ ಹಾಕಿದರೆ ಅದು ಇತ್ಯರ್ಥವಾಗುವವರೆಗೂ ತಟ್ಟುವುದಿಲ್ಲ ಎಂದು ಅದು ಹೇಳುತ್ತಿತ್ತು.

ಅಂದರೆ ಒಂದೇ ದಿನ, ಒಂದೇ ನ್ಯಾಯಾಲಯದಲ್ಲಿ, ಒಂದೇ ಅಪರಾಧಕ್ಕೆ ಇಬ್ಬರಿಗೆ ಶಿಕ್ಷೆಯಾಯಿತು ಎನ್ನಿ. ಒಬ್ಬ ಶಾಸಕ, ಇನ್ನೊಬ್ಬ ಶಾಸಕನಾಗಲು ಹೊರಟವನು. ಎರಡನೆಯವನು ನಾಮಪತ್ರ ಸಲ್ಲಿಸುವಂತಿಲ್ಲ. ಮೊದಲನೆಯವನು ಸದನದಲ್ಲಿ ಕೂತು ಕಾನೂನಿಗೆ ಮತ ಹಾಕಬಹುದು.

ಈ ರಕ್ಷಣೆಗೆ ಒಂದು ಸಮರ್ಥನೆ ಇತ್ತು ಎಂಬುದನ್ನೂ ಹೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಕೆಳಗಿನ ಕೋರ್ಟಿನ ತೀರ್ಪು ಮೇಲಿನ ಕೋರ್ಟಿನಲ್ಲಿ ಬಿದ್ದುಹೋಗಬಹುದು. ಅಷ್ಟರಲ್ಲಿ ಉಪಚುನಾವಣೆ ಆಗಿ ಬೇರೆಯವರು ಗೆದ್ದಿದ್ದರೆ ಕಳೆದುಕೊಂಡ ಸ್ಥಾನ ಮರಳಿ ಬರುತ್ತದೆಯೇ? ಜೊತೆಗೆ 2008ರಂಥ ಸದನದಲ್ಲಿ ಎರಡು ಮೂರು ಸ್ಥಾನ ಖಾಲಿಯಾದರೆ ಸರ್ಕಾರವೇ ಬೀಳಬಹುದು. ಈ ರಕ್ಷಣೆ ಆ ಮನುಷ್ಯನಿಗಲ್ಲ, ಸದನಕ್ಕೆ ಎಂದು ವಾದಿಸುತ್ತಿದ್ದರು. ಓದಿದಾಗ ನನಗೆ ಸ್ವಲ್ಪ ಹೊತ್ತು ಹೌದೆನಿಸಿತು. ಆಮೇಲೆ ಖಾಲು ನೆನಪಾದರು. ಅವರಿಗೆ ಅಂಥ ತೀರ್ಪು ಆಗಿದ್ದರೆ ಮಾರನೆಯ ದಿನ ವೈಟ್‌ಫೀಲ್ಡ್‌ನ ಗೇಟಿನೊಳಗೆ ಬಿಡುತ್ತಿದ್ದರೇ?

ಈ ಉಪಸೆಕ್ಷನ್ನನ್ನು ಪ್ರಶ್ನಿಸಿ 2005ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಒಬ್ಬರು ಲಿಲಿ ಥಾಮಸ್ ಎಂಬ ವಕೀಲೆ, ಕೇರಳ ಮೂಲದವರು. ಎರಡನೇ ಮದುವೆಗೆಂದೇ ಇಸ್ಲಾಂಗೆ ಮತಾಂತರವಾಗುವ ಗಂಡಸರ ವಿಷಯದಲ್ಲಿ 2000ದಲ್ಲಿ ಬಂದ ತೀರ್ಪಿಗೂ ಅವರದೇ ಹೆಸರಿದೆ. ಅದು ಬೇರೆ ಲೇಖನದ ವಿಷಯ, ಯಾರಾದರೂ ಬರೆಯಿರಿ. ಶಾಸಕರ ವಿಷಯದ ತೀರ್ಪು ಬಂದದ್ದು 2013ರ ಜುಲೈ 10ರಂದು. ಅಭ್ಯರ್ಥಿಗೆ ಒಂದು ಅಳತೆ, ಸದಸ್ಯನಿಗೆ ಇನ್ನೊಂದು ಅಳತೆ ಇಡುವ ಅಧಿಕಾರ ಸಂವಿಧಾನದಲ್ಲಿ ಸಂಸತ್ತಿಗೆ ಇಲ್ಲ, ಅನರ್ಹತೆ ಬಂದ ಕೂಡಲೇ ಸ್ಥಾನ ಖಾಲಿ ಎಂದು ನ್ಯಾಯಮೂರ್ತಿಗಳಾದ ಎ.ಕೆ. ಪಟ್ನಾಯಕ್ ಮತ್ತು ಎಸ್.ಜೆ. ಮುಖೋಪಾಧ್ಯಾಯ ಹೇಳಿದರು. ನಾಲ್ಕನೇ ಉಪಸೆಕ್ಷನ್ ರದ್ದಾಯಿತು. ಆದರೆ ಅಂದಿನಿಂದ ಮುಂದಕ್ಕೆ ಮಾತ್ರ.

ತಾರೀಖುಗಳನ್ನು ಪಕ್ಕ ಪಕ್ಕ ಇಟ್ಟು ನೋಡಿ. ಕೆಜಿಎಫ್ ತೀರ್ಪು 2012ರ ಜೂನ್. ಸುಪ್ರೀಂ ಕೋರ್ಟಿನದು 2013ರ ಜುಲೈ. ಹದಿಮೂರು ತಿಂಗಳ ಅಂತರ. ಆ ವಿಚಾರಣೆ ಇನ್ನೊಂದು ವರ್ಷ ಎಳೆದಿದ್ದರೆ ಮತ್ತು ಅವರು ಆಗಲೂ ಶಾಸಕರಾಗಿದ್ದರೆ ಅದೇ ದಿನ ಸ್ಥಾನ ಹೋಗುತ್ತಿತ್ತು. ಬೇಗ ತೀರ್ಪು ಬಂದದ್ದೇ ಅವರಿಗೆ ಅನುಕೂಲವಾದಂತಿದೆ.

ಈ ಬದಲಾವಣೆ ಸುಮ್ಮನೆ ಆಗಿಬಿಡಲಿಲ್ಲ. 2013ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಯುಪಿಎ ಸರ್ಕಾರ ಸುಗ್ರೀವಾಜ್ಞೆ ತಂದು ತೀರ್ಪನ್ನು ದಾಟಲು ನೋಡಿತು. ಅದನ್ನು ಹರಿದು ಬಿಸಾಡಬೇಕು ಎಂದು ಎಲ್ಲರೆದುರು ಹೇಳಿದವರು ಆ ಪಕ್ಷದವರೇ ಆದ ರಾಹುಲ್ ಗಾಂಧಿ. ಸುಗ್ರೀವಾಜ್ಞೆ ವಾಪಸಾಯಿತು. ಹತ್ತು ವರ್ಷದ ನಂತರ 2023ರ ಮಾರ್ಚ್ 23ರಂದು ಸೂರತ್ ನ್ಯಾಯಾಲಯ ಮಾನನಷ್ಟ ಪ್ರಕರಣದಲ್ಲಿ ಅವರಿಗೇ ಸರಿಯಾಗಿ ಎರಡು ವರ್ಷ ಶಿಕ್ಷೆ ವಿಧಿಸಿತು. ಮಾರನೆಯ ದಿನ ಲೋಕಸಭಾ ಸ್ಥಾನ ಹೋಯಿತು. ಅವರು ಆ ಮಾತು ಆಡಿದ್ದು ಎಲ್ಲಿ ಗೊತ್ತೇ? 2019ರ ಏಪ್ರಿಲ್‌ನಲ್ಲಿ, ಕೋಲಾರದ ಚುನಾವಣಾ ಸಭೆಯಲ್ಲಿ. ಕೆಜಿಎಫ್ ಇರುವುದು ಅದೇ ಜಿಲ್ಲೆಯಲ್ಲಿ. 2023ರ ಆಗಸ್ಟ್ 4ರಂದು ಸುಪ್ರೀಂ ಕೋರ್ಟು ತಡೆ ಕೊಟ್ಟಿತು, ಸ್ಥಾನ ಮರಳಿ ಬಂತು.

ಇಲ್ಲಿ ಒಂದು ಸೂಕ್ಷ್ಮ ಇದೆ, ಪತ್ರಿಕೆ ಓದುವಾಗ ಗಮನಿಸಿ. ಮೇಲ್ಮನವಿಯಲ್ಲಿ "ಶಿಕ್ಷೆ ಅಮಾನತು" ಆಯಿತು ಎಂದರೆ ಜೈಲಿಗೆ ಹೋಗುವುದು ಸದ್ಯಕ್ಕೆ ತಪ್ಪಿತು ಎಂದರ್ಥ. ಅಪರಾಧಿ ಎಂಬ ತೀರ್ಪು ಹಾಗೇ ಇದೆ, ಅನರ್ಹತೆಯೂ ಇದೆ. ಅಪರಾಧಿ ಎಂಬ ತೀರ್ಪಿಗೇ ತಡೆ ಬಂದರೆ ಮಾತ್ರ ಸ್ಥಾನ ಉಳಿಯುತ್ತದೆ ಅಥವಾ ಮರಳುತ್ತದೆ. ಗಂಗಾವತಿ ಶಾಸಕ ಜಿ. ಜನಾರ್ದನ ರೆಡ್ಡಿಯವರಿಗೆ ಓಬಳಾಪುರಂ ಗಣಿ ಪ್ರಕರಣದಲ್ಲಿ ಹೈದರಾಬಾದಿನ ಸಿಬಿಐ ನ್ಯಾಯಾಲಯ 2025ರ ಮೇ 6ರಂದು ಏಳು ವರ್ಷ ಶಿಕ್ಷೆ ಕೊಟ್ಟಾಗ ಎರಡೇ ದಿನದಲ್ಲಿ ಅನರ್ಹತೆಯ ಅಧಿಸೂಚನೆ ಬಂತು. ಜೂನ್‌ನಲ್ಲಿ ತೆಲಂಗಾಣ ಹೈಕೋರ್ಟಿನ ಆದೇಶ ಸಿಕ್ಕ ಮೇಲೆ ಸದಸ್ಯತ್ವ ಮರಳಿತು. ಕೆಜಿಎಫ್‌ನಲ್ಲಿ ಹನ್ನೊಂದು ತಿಂಗಳು ಆಗದೆ ಇದ್ದದ್ದು ಈಗ ಎರಡು ದಿನದಲ್ಲಿ ಆಗುತ್ತದೆ.

ಈಗ ಮತ್ತೆ ಕೆಜಿಎಫ್‌ಗೆ. 2013ರ ಮೇ ಚುನಾವಣೆಯಲ್ಲಿ ಬಿಜೆಪಿ ಟಿಕೆಟ್ ಸಿಕ್ಕಿದ್ದು ಸಂಪಂಗಿಯವರ ತಾಯಿ ವೈ. ರಾಮಕ್ಕ ಅವರಿಗೆ. ಆ ವರ್ಷ ಬಿಜೆಪಿ ಮೂರು ಹೋಳಾಗಿತ್ತು. ಯಡಿಯೂರಪ್ಪ ಒಂದು ಪಕ್ಷ, ಬಿ. ಶ್ರೀರಾಮುಲು ಇನ್ನೊಂದು ಪಕ್ಷ ಮಾಡಿಕೊಂಡಿದ್ದರು. ರಾಜ್ಯದಲ್ಲಿ 110 ಇದ್ದ ಸ್ಥಾನ 40ಕ್ಕೆ ಇಳಿಯಿತು. ಆ 40ರಲ್ಲಿ ಕೆಜಿಎಫ್ ಕೂಡ ಒಂದು. ದೊಡ್ಡ ದೊಡ್ಡ ನಾಯಕರು ಸೋತ ವರ್ಷದಲ್ಲಿ ರಾಮಕ್ಕ ಗೆದ್ದರು.

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದನ್ನು ಅರ್ಥ ಮಾಡಿಕೊಳ್ಳುವುದು. ಜನರಿಗೆ ತೀರ್ಪು ಗೊತ್ತಿರಲಿಲ್ಲವೇ? ಗೊತ್ತಿತ್ತು, ಪತ್ರಿಕೆಗಳಲ್ಲಿ ಬಂದಿತ್ತು. ಖಾಲಾನ ಕೇಳಿದೆ. ಅವರು ಅಕ್ಕಿ ಆರಿಸುತ್ತಾ ಹೇಳಿದರು: "ಕೆಲಸ ಮಾಡಿಕೊಟ್ಟವರು ನೆನಪಿರುತ್ತಾರೆ ಬೇಟಾ. ದುಡ್ಡು ತಗೊಳ್ಳದವರು ಯಾರು ಅಂತ ಜನ ಕೇಳ್ತಾರೆ." ಯಾವ ಪಕ್ಷದವರ ಬಗ್ಗೆಯೂ ಅವರು ಹಾಗೇ ಹೇಳುತ್ತಿದ್ದರು ಅನಿಸುತ್ತದೆ. ಎಲ್ಲರೂ ತೆಗೆದುಕೊಳ್ಳುತ್ತಾರೆ ಎಂದು ನಂಬಿದ ಮೇಲೆ ಒಬ್ಬರಿಗೆ ಶಿಕ್ಷೆಯಾದರೆ ಜನರಿಗೆ ಅದು ನ್ಯಾಯದಂತೆ ಕಾಣುವುದಿಲ್ಲ, ಆ ಮನುಷ್ಯನ ದುರದೃಷ್ಟದಂತೆ ಕಾಣುತ್ತದೆ.

ಆದರೆ ಅದು ಅಲ್ಲಿಗೇ ನಿಲ್ಲಲಿಲ್ಲ. 2018ರಲ್ಲಿ ಅದೇ ಪಕ್ಷದಿಂದ ಸಂಪಂಗಿಯವರ ಮಗಳು ಅಶ್ವಿನಿ ನಿಂತರು. ಕಾಂಗ್ರೆಸ್ಸಿನ ಎಂ. ರೂಪಕಲಾ ಎದುರು ಸೋತರು. 2023ರಲ್ಲಿ ಮತ್ತೆ ನಿಂತು ಮತ್ತೆ ಅವರ ಎದುರೇ ಸೋತರು. ರೂಪಕಲಾ ಅವರೂ ಹೊಸ ಮನೆತನದವರಲ್ಲ, ಕೋಲಾರದಿಂದ ಏಳು ಸಲ ಸಂಸದರಾಗಿದ್ದ ಕೆ.ಎಚ್. ಮುನಿಯಪ್ಪನವರ ಮಗಳು. ಕಾನೂನು ಒಬ್ಬ ಮನುಷ್ಯನನ್ನು ಅನರ್ಹ ಮಾಡುತ್ತದೆ, ಅವನ ಮನೆಯನ್ನಲ್ಲ. ಮಾಡಲೂಬಾರದು. ಅಪ್ಪನ ತಪ್ಪಿಗೆ ಮಗಳು ಓಟಿಗೆ ನಿಲ್ಲಬಾರದು ಎಂದರೆ ಅದೆಂಥ ನ್ಯಾಯ? ಬೇಕೋ ಬೇಡವೋ ಎಂದು ಹೇಳಬೇಕಾದವರು ಓಟುದಾರರೇ. ಕೆಜಿಎಫ್‌ನವರು ಒಂದು ಸಲ ಹೌದು ಎಂದರು, ಎರಡು ಸಲ ಇಲ್ಲ ಎಂದರು.

ಇಷ್ಟೆಲ್ಲ ಓದುವಾಗ ನನ್ನ ತಲೆಯಲ್ಲಿ ಕೂತದ್ದು ಶಾಸಕರಲ್ಲ, ದೂರು ಕೊಟ್ಟವರು. ಆಳುವ ಪಕ್ಷದ ಶಾಸಕನ ವಿರುದ್ಧ, ಶಾಸಕರ ಭವನದ ಒಳಗೆ, ಪುಡಿ ಸವರಿದ ನೋಟು ಜೇಬಿನಲ್ಲಿ ಇಟ್ಟುಕೊಂಡು ಹೋಗುವುದು ಎಂದರೇನು? ಅವರು ಹೋಗದಿದ್ದರೆ ತೀರ್ಪೂ ಇಲ್ಲ, ಈ ಲೇಖನವೂ ಇಲ್ಲ.

ಇದನ್ನು ಬರೆಯಬೇಕೋ ಬೇಡವೋ ಎಂದು ತುಂಬಾ ಯೋಚಿಸಿದೆ. ನಮ್ಮ ಅಬ್ಬಾದು ಸೀಟ್ ಕವರ್ ಹೊಲಿಯುವ ಸಣ್ಣ ಅಂಗಡಿ. ಈ ವರ್ಷ ಅಂಗಡಿಗೆ ಒಂದು ಕಾಗದ ಬೇಕಿತ್ತು. ಶುಲ್ಕ ಕಟ್ಟಿದ್ದಾಗಿತ್ತು, ರಸೀದಿ ಇತ್ತು. ಎರಡು ತಿಂಗಳು ಅಲೆದರೂ ಕಾಗದ ಬರಲಿಲ್ಲ. ಕೊನೆಗೆ ಒಬ್ಬರು ಆರು ಸಾವಿರ ಎಂದರು. ಅಬ್ಬಾ ಕೊಟ್ಟರು, ಮೂರನೇ ದಿನ ಕಾಗದ ಬಂತು. ಅಂಗಡಿಯ ಲೆಕ್ಕ ಬರೆಯುವುದು ನಾನು. ಆ ಆರು ಸಾವಿರವನ್ನು ಯಾವ ಖಾತೆಗೆ ಹಾಕಲಿ ಎಂದು ಕೇಳಿದೆ. "ಚಾ ನೀರಿಗೆ ಅಂತ ಬರಿ" ಎಂದರು ಅಬ್ಬಾ.

ಆಮೇಲೆ ಈ ಲೇಖನಕ್ಕಾಗಿ ಕಾಯ್ದೆ ಓದುವಾಗ ತಿಳಿಯಿತು. 2009ರಲ್ಲಿ ಲಂಚ ಕೊಟ್ಟವರು ನ್ಯಾಯಾಲಯದಲ್ಲಿ ಹಾಗೆಂದು ಹೇಳಿಕೆ ಕೊಟ್ಟರೆ ಅದರ ಮೇಲೆ ಅವರ ವಿರುದ್ಧವೇ ಕೇಸು ಹಾಕದಂತೆ ಒಂದು ರಕ್ಷಣೆ ಇತ್ತು, 24ನೇ ಸೆಕ್ಷನ್. 2018ರ ತಿದ್ದುಪಡಿಯಲ್ಲಿ ಅದನ್ನು ತೆಗೆದುಹಾಕಿದರು. ಈಗ ಕೊಡುವುದೂ ನೇರವಾಗಿ ಅಪರಾಧ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ಪೊಲೀಸರಿಗೆ ಅಥವಾ ತನಿಖಾ ಸಂಸ್ಥೆಗೆ ತಿಳಿಸಬೇಕು. ಮೊದಲೇ ತಿಳಿಸಿ, ಅವರ ಜೊತೆ ಸೇರಿ ಬಲೆ ಹಾಕಲು ಕೊಟ್ಟರೆ ಅಪರಾಧವಲ್ಲ. ಲಂಚ ತೆಗೆದುಕೊಂಡವರಿಗೆ ಈಗ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ. ಕೊಟ್ಟವರಿಗೂ ಏಳು ವರ್ಷದವರೆಗೆ ಆಗಬಹುದು.

ಅಬ್ಬಾಗೆ ಓದಿ ಹೇಳಿದೆ. ಸೂಜಿಗೆ ದಾರ ಪೋಣಿಸುತ್ತಿದ್ದವರು ನಿಲ್ಲಿಸಿ, "ಏಳು ದಿನ ಯಾವಾಗಲೋ ಆಗಿಹೋಯಿತಲ್ಲ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಬರಿ, ಆದರೆ ಆಫೀಸಿನ ಹೆಸರು ಬೇಡ" ಎಂದರು.

ಮುಂದಿನ ಸಲ ಯಾರಾದರೂ ಕೇಳಿದರೆ ಎಲ್ಲಿಗೆ ಹೋಗಬೇಕು ಎಂದೂ ತಿಳಿದುಕೊಂಡೆ. 2016ರಲ್ಲಿ ಈ ಕೆಲಸವನ್ನು ಲೋಕಾಯುಕ್ತ ಪೊಲೀಸರಿಂದ ತೆಗೆದು ಎಸಿಬಿ ಎಂಬ ಹೊಸ ದಳಕ್ಕೆ ಕೊಟ್ಟಿದ್ದರು. 2022ರ ಆಗಸ್ಟ್‌ನಲ್ಲಿ ಹೈಕೋರ್ಟು ಎಸಿಬಿಯನ್ನು ರದ್ದು ಮಾಡಿತು. ಈಗ ಮತ್ತೆ ಲೋಕಾಯುಕ್ತ. ಹಣ ಕೊಡುವ ಮೊದಲು ಹೋಗಬೇಕು. ಆ ವಿಳಾಸವನ್ನು ಅಂಗಡಿಯ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟಿದ್ದೇನೆ: ಬಹುಮಹಡಿ ಕಟ್ಟಡ, ಡಾ. ಅಂಬೇಡ್ಕರ್ ವೀಧಿ, ಬೆಂಗಳೂರು.